ಚಿಕಿತ್ಸೆಯ ನಾಲ್ಕು ಪಾದಗಳು

ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಚರಕಸಂಹಿತೆ ಹೇಳುತ್ತದೆ: ವೈದ್ಯ, ಔಷಧ, ಉಪಚಾರಕ, ರೋಗಿ. ಇವುಗಳಲ್ಲಿ ವೈದ್ಯನೇ ಪ್ರಧಾನನೆಂದು ಸಾರುವುದೂ ಆ ಗ್ರಂಥವೇ. ಕುಂಬಾರನಿಲ್ಲದೆ ಮಣ್ಣು, ಕೋಲು, ಚಕ್ರಗಳು ನಿರರ್ಥಕವೆಂಬ ಹೋಲಿಕೆಯನ್ನು ಅದು ಕೊಡುತ್ತದೆ. ಮಾತು ದಿಟವೇ. ಆದರೆ ಚಕ್ರವಿಲ್ಲದ ಕುಂಬಾರನಾದರೂ ಏನು ಮಾಡಿಯಾನು?

ಮಳೆಗಾಲದ ಇರುಳಿನಲ್ಲಿ ಹಳ್ಳಿಯ ಆಸ್ಪತ್ರೆಯನ್ನು ಕಂಡವರಿಗೆ ಉತ್ತರ ತಿಳಿದೀತು. ಹಾವು ಕಚ್ಚಿದ ರೈತನನ್ನು ಹೊತ್ತು ತರುತ್ತಾರೆ. ವೈದ್ಯರು ಒಬ್ಬರು, ಕೆಲಸಗಳು ಹತ್ತು. ರೋಗಿಯ ರಕ್ತವನ್ನು ಒಣಗಿದ ಶುದ್ಧ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು, ಬಳಿಕ ಓರೆಮಾಡಿ ನೋಡಬೇಕು. ಹೆಪ್ಪುಗಟ್ಟದಿದ್ದರೆ ಮಂಡಲದ ಹಾವಿನ ವಿಷವೇರಿದೆಯೆಂದು ಶಂಕಿಸಬೇಕು. ಕಟ್ಟುಹಾವಿನ ಕಡಿತದಲ್ಲಿ ಗಾಯವೇ ಕಾಣದಿರಬಹುದು. ಕಣ್ಣಿನ ರೆಪ್ಪೆ ಜೋಲುವುದನ್ನು ಮೊದಲು ಗಮನಿಸುವವಳು ಹಾಸಿಗೆಯ ಬಳಿಯಿರುವ ದಾದಿ. ಪ್ರತಿವಿಷವನ್ನು ಕೊಡುವಾಗಲೂ ದೇಹ ಅದನ್ನು ಒಲ್ಲದೆ ಕೆರಳಬಹುದು. ಆಗ ಬೇಕಾಗುವ ಅಡ್ರಿನಲಿನ್ ಸೂಜಿಮದ್ದನ್ನು ಒಬ್ಬರು ಸಿದ್ಧವಾಗಿ ಹಿಡಿದಿರಬೇಕು. ಕಚ್ಚಿದ ಹೊತ್ತು ಯಾವುದು, ದಾರಿಯಲ್ಲಿ ಉಸಿರು ಹೇಗಿತ್ತು ಎಂಬುದನ್ನು ಆಂಬುಲೆನ್ಸಿನವನು ಬಲ್ಲ.

ಇಷ್ಟು ಜನರ ತಿಳಿವು ಒಂದೆಡೆ ಸೇರಿದರೆ ಜೀವ ಉಳಿದೀತು. ಆದರೆ "ನಿನ್ನನ್ನು ಯಾರು ಕೇಳಿದರು?" ಎಂದು ವೈದ್ಯರು ಒಮ್ಮೆ ಗದರಿದರೆ ಸಾಕು, ದಾದಿಯ ಬಾಯಿ ಕಟ್ಟಿಹೋಗುತ್ತದೆ. ಮುಂದಿನ ಸಲ ರೆಪ್ಪೆ ಜೋಲುವುದನ್ನು ಅವಳು ಕಂಡರೂ, ಹೇಳಲೋ ಬೇಡವೋ ಎಂದು ಅಳೆಯುತ್ತ ನಿಲ್ಲುತ್ತಾಳೆ. ಆ ಮೌನದ ಬೆಲೆಯನ್ನು ತೆರುವವನು ರೋಗಿ.

2024ರಲ್ಲಿ ಕರ್ನಾಟಕ ಸರ್ಕಾರವು ಹಾವುಕಡಿತದ ಪ್ರಕರಣಗಳನ್ನು ವರದಿ ಮಾಡುವುದು ಕಡ್ಡಾಯವೆಂದು ಘೋಷಿಸಿತು. ಆಜ್ಞೆಯಿಂದ ಲೆಕ್ಕ ದೊರೆತೀತು. ಸೌಹಾರ್ದವನ್ನು ಆಜ್ಞೆ ತಂದುಕೊಡಲಾರದು. ಅದಕ್ಕೆ ವೈದ್ಯರೇ ಮೊದಲ ಹೆಜ್ಜೆಯಿಡಬೇಕು. ಮಳೆ ಹಿಡಿಯುವ ಮುನ್ನ ಎಲ್ಲರೊಡನೆ ಅರ್ಧ ಗಂಟೆ ಕುಳಿತು, ಯಾರ ಕೆಲಸ ಯಾವುದೆಂದು ಗೊತ್ತುಮಾಡಬಹುದು. ಕಟ್ಟು ಬಿಗಿಯಬಾರದು, ಗಾಯ ಕೊಯ್ಯಬಾರದು, ಕಚ್ಚಿದ ಅಂಗವನ್ನು ಅಲುಗಿಸಬಾರದೆಂದು ಹಳ್ಳಿಯಲ್ಲಿ ತಿಳಿಹೇಳುವ ಆಶಾ ಕಾರ್ಯಕರ್ತೆಯನ್ನೂ ಅಲ್ಲಿಗೆ ಕರೆಯಬಹುದು. ಆಪತ್ತಿನ ನಡುವೆ, "ನಾನು ಕಾಣದ್ದು ನಿಮಗೇನಾದರೂ ಕಂಡಿತೆ?" ಎಂದು ಕೇಳಬಹುದು. ಹೀಗೆ ಕೇಳುವುದರಿಂದ ಪ್ರಾಧಾನ್ಯ ಕುಂದುವುದಿಲ್ಲ; ನಿರ್ಧಾರ ವೈದ್ಯರದ್ದೇ ಆಗಿ ಉಳಿಯುತ್ತದೆ, ಅದಕ್ಕೆ ಕಣ್ಣುಗಳು ಮಾತ್ರ ಹೆಚ್ಚುತ್ತವೆ.

ಪಟ್ಟಣದ ಎಷ್ಟೋ ಮನೆಗಳಿಂದ ತರುಣ ವೈದ್ಯರು ಹಳ್ಳಿಯ ಸೇವೆಗೆ ಹೊರಡುತ್ತಾರೆ. ಹೊರಡುವ ಮಗನಿಗೆ, ಮಗಳಿಗೆ ತಾಯ್ತಂದೆಗಳು ಹೇಳಿಕಳುಹಿಸಬೇಕಾದ ಬುದ್ಧಿಮಾತೊಂದಿದೆ: "ಆಸ್ಪತ್ರೆಯ ಔಷಧಗಳ ಪಟ್ಟಿಯನ್ನು ಆಮೇಲೆ ನೋಡು, ಮೊದಲು ಅಲ್ಲಿ ದುಡಿಯುವವರ ಹೆಸರುಗಳನ್ನು ಕೇಳಿ ತಿಳಿದುಕೋ."