ಉಸಿರು–ನೆತ್ತರುಗಳ ಜಂಟಿ ಖಾತೆ

ಪ್ರಾಣವೆಂದರೆ ಉಸಿರು ಎಂದೇ ನಮ್ಮ ಹಿರಿಯರು ಬಗೆದರು. ಜೀವ ಹೋಯಿತೆನ್ನಲು ‘ಉಸಿರು ನಿಂತಿತು’ ಎನ್ನುವುದು ನಮ್ಮ ರೂಢಿ. ಇದರಿಂದಲೋ ಏನೋ, ಯಾರಿಗಾದರೂ ಏದುಸಿರು ಬಂದರೆ ಅದರ ಹೊಣೆಯನ್ನೆಲ್ಲ ನಾವು ಪುಪ್ಪುಸಗಳ ತಲೆಗೆ ಕಟ್ಟಿಬಿಡುತ್ತೇವೆ. ಮಹಾನಗರಕ್ಕೆ ಬಂದು ನೆಲೆಸಿದ ನಮ್ಮಂಥವರ ಬಳಿಯಂತೂ ಸಿದ್ಧ ಉತ್ತರವೊಂದಿದೆ: ‘ಇಲ್ಲಿನ ಹವೆಯೇ ಸರಿಯಿಲ್ಲ.’ ಮುಂಬಯಿಯ ಹವೆ ನಿರ್ಮಲವಾಗಿದೆಯೆಂದು ನಾನು ವಾದಿಸುವುದಿಲ್ಲ. ಆದರೆ ಈ ಉತ್ತರ ಅರ್ಧಸತ್ಯ. ಅರ್ಧಸತ್ಯವನ್ನು ನಂಬಿ ಕುಳಿತರೆ ಏನಾಗುತ್ತದೆಂಬುದನ್ನು ಸ್ವಂತ ಮನೆಯಲ್ಲಿಯೇ ಕಂಡ ಮೇಲೆ, ವೈದ್ಯನಲ್ಲದಿದ್ದರೂ, ಈ ನಾಲ್ಕು ಮಾತುಗಳನ್ನು ಬರೆಯಲು ಧೈರ್ಯಮಾಡಿದ್ದೇನೆ.

ಮೂರು ವರ್ಷಗಳ ಹಿಂದೆ ನನ್ನ ಪತ್ನಿಗೆ ರೈಲ್ವೆ ನಿಲ್ದಾಣದ ಮೇಲ್ಸೇತುವೆ ಹತ್ತುವಾಗ ನಡುವೆ ಎರಡು ಸಲ ನಿಲ್ಲಬೇಕಾಗುತ್ತಿತ್ತು. ವಯಸ್ಸು, ಹವೆ, ಮೈಭಾರ ಎಂದು ನಾವು ಕಾರಣಗಳನ್ನು ಹೊಂದಿಸಿಕೊಂಡೆವು. ಕೋವಿಡ್ ಕಾಲದಲ್ಲಿ ಕೊಂಡಿದ್ದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಮನೆಯಲ್ಲಿತ್ತು. ಹಚ್ಚಿ ನೋಡಿದರೆ 98 ಎಂದು ತೋರಿಸಿತು. ‘ಎಲ್ಲ ಸರಿಯಾಗಿದೆ’ ಎಂದು ನಾನೇ ತೀರ್ಪು ಕೊಟ್ಟೆ. ತಿಂಗಳುಗಳು ಕಳೆದ ಮೇಲೆ ರಕ್ತಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 7.5 ಗ್ರಾಂ ಎಂದು ತಿಳಿಯಿತು. ಸ್ತ್ರೀಯರಲ್ಲಿ ಅದು 12ಕ್ಕಿಂತ ಕಡಿಮೆಯಿರಬಾರದು.

ಇಲ್ಲಿ ದೇಹದ ವ್ಯವಸ್ಥೆಯನ್ನು ಕೊಂಚ ತಿಳಿಯಬೇಕು. ಹೃದಯವು ಒಂದೇ ಗೂಡಿನಲ್ಲಿರುವ ಎರಡು ಪಂಪುಗಳು. ಬಲಭಾಗವು ದೇಹದಿಂದ ಮರಳಿದ ರಕ್ತವನ್ನು ಪುಪ್ಪುಸಗಳಿಗೆ ಕಳುಹಿಸುತ್ತದೆ; ಅಲ್ಲಿಂದ ಬಂದುದನ್ನು ಎಡಭಾಗವು ಸರ್ವಾಂಗಗಳಿಗೂ ಹಂಚುತ್ತದೆ. ಪುಪ್ಪುಸಗಳಲ್ಲಿ ಸುಮಾರು 30ರಿಂದ 50 ಕೋಟಿ ಗಾಳಿಗೂಡುಗಳಿದ್ದು, ಅವುಗಳನ್ನು ಕೂದಲಿಗಿಂತಲೂ ಅತಿ ಸೂಕ್ಷ್ಮವಾದ ಲೋಮನಾಳಗಳು ಬಲೆಯಂತೆ ಸುತ್ತುವರಿದಿವೆ. ರಕ್ತಕಣವೊಂದು ಅಲ್ಲಿ ತಂಗುವುದು ಒಂದು ಸೆಕೆಂಡಿಗೂ ಕಡಿಮೆ ಕಾಲ. ಅಷ್ಟರಲ್ಲಿಯೇ ರಕ್ತವು ಇಂಗಾಲದ ಡೈಆಕ್ಸೈಡನ್ನು ಇಳಿಸಿ ಆಮ್ಲಜನಕವನ್ನು ಏರಿಸಿಕೊಳ್ಳುತ್ತದೆ. 1628ರಲ್ಲಿ ರಕ್ತಪರಿಚಲನೆಯನ್ನು ನಿರೂಪಿಸಿದ ಇಂಗ್ಲೆಂಡಿನ ವಿಲಿಯಂ ಹಾರ್ವೆಗೂ ಈ ಲೋಮನಾಳಗಳು ಕಂಡಿರಲಿಲ್ಲ. 1661ರಲ್ಲಿ ಇಟಲಿಯ ಮಾಲ್ಪಿಘಿ ಸೂಕ್ಷ್ಮದರ್ಶಕದಿಂದ ಕಪ್ಪೆಯ ಪುಪ್ಪುಸದಲ್ಲಿ ಅವುಗಳನ್ನು ಕಂಡನು.

ಈಗ ಲೆಕ್ಕಕ್ಕೆ ಬರೋಣ. ಆಮ್ಲಜನಕವನ್ನು ಹೊರುವುದು ಕೆಂಪು ರಕ್ತಕಣಗಳಲ್ಲಿರುವ ಹಿಮೋಗ್ಲೋಬಿನ್. ಅದರ ಒಂದು ಗ್ರಾಂ ಸುಮಾರು 1.34 ಮಿಲಿಲೀಟರ್ ಆಮ್ಲಜನಕವನ್ನು ಹೊರಬಲ್ಲದು. 100 ಮಿಲಿಲೀಟರ್ ರಕ್ತದಲ್ಲಿ 15 ಗ್ರಾಂ ಇದ್ದರೆ 20 ಮಿಲಿಲೀಟರ್ ಆಯಿತು. ಹೃದಯವು ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಹರಿಸುವುದರಿಂದ ನಿಮಿಷವೊಂದಕ್ಕೆ 1000 ಮಿಲಿಲೀಟರ್ ಆಮ್ಲಜನಕ ದೇಹಕ್ಕೆ ಸಲ್ಲುತ್ತದೆ. ವಿಶ್ರಾಂತಿಯಲ್ಲಿ ಖರ್ಚಾಗುವುದು ಸುಮಾರು 250. ಮಿಕ್ಕದ್ದೆಲ್ಲ ಆಪತ್ಕಾಲದ ನಿಧಿ. ಹಿಮೋಗ್ಲೋಬಿನ್ 7.5ಕ್ಕಿಳಿದರೆ ಇದೇ ಹರಿವಿನಲ್ಲಿ ಜಮೆಯಾಗುವುದು 500 ಮಾತ್ರ. ಕುಳಿತಲ್ಲಿ ಅದು ಸಾಕು. ಆದುದರಿಂದ ದೂರು ಕೇಳಿಬರುವುದಿಲ್ಲ. ಮೆಟ್ಟಿಲು ಹತ್ತಿದೊಡನೆ ಸ್ನಾಯುಗಳ ಬೇಡಿಕೆ ಹಲವು ಪಟ್ಟು ಏರುತ್ತದೆ. ಹೃದಯ ಧಾವಿಸುತ್ತದೆ, ಉಸಿರು ಮೇಲೇರುತ್ತದೆ. ಪುಪ್ಪುಸಗಳು ಆರೋಗ್ಯವಾಗಿವೆ, ಗಾಳಿಯೂ ಒಳಗೆ ಬಂದಿದೆ. ಹೊತ್ತೊಯ್ಯುವವರ ಸಂಖ್ಯೆಯೇ ಅರ್ಧವಾಗಿದೆ.

ಹಾಗಾದರೆ ಯಂತ್ರವು 98 ಎಂದುದೇಕೆ? ಇರುವ ಹಿಮೋಗ್ಲೋಬಿನ್ನಿನಲ್ಲಿ ಶೇಕಡಾ ಎಷ್ಟು ಭಾಗ ಆಮ್ಲಜನಕವನ್ನು ಹೊತ್ತಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಒಟ್ಟು ಮೊತ್ತವನ್ನು ಹೇಳುವುದಿಲ್ಲ. ಶಾಖೆಯೊಂದರಲ್ಲಿ ಶೇ. 98ರಷ್ಟು ಸಾಲ ವಸೂಲಾಗಿದೆಯೆಂದು ವರದಿ ಬಂದರೆ ‘ಕೊಟ್ಟ ಸಾಲವೆಷ್ಟು?’ ಎಂದು ನಾನು ಮೊದಲು ಕೇಳುತ್ತೇನೆ. ಇಪ್ಪತ್ತು ವರ್ಷ ಬ್ಯಾಂಕಿನಲ್ಲಿ ಕೇಳಿದ ಈ ಪ್ರಶ್ನೆಯನ್ನು ಮನೆಯಲ್ಲಿ ಕೇಳಲು ಮರೆತೆ. ಇನ್ನೊಂದನ್ನೂ ಕೇಳಿರಲಿಲ್ಲ. ತಿಂಗಳ ಸ್ರಾವ ಅಧಿಕವಾಗಿದ್ದುದನ್ನು ಆಕೆ ವರ್ಷಗಟ್ಟಲೆ ಯಾರಿಗೂ ಹೇಳಿರಲಿಲ್ಲ. ಊರಿನಲ್ಲಾಗಿದ್ದರೆ ತಾಯಿಯೋ ಅಕ್ಕನೋ ಮುಖ ನೋಡಿಯೇ ‘ಏನೇ, ಹೀಗೆ ಬಿಳಿಚಿಕೊಂಡಿದ್ದೀಯ?’ ಎನ್ನುತ್ತಿದ್ದರು. ಇಲ್ಲಿ, ಎರಡು ಕೋಣೆಯ ಮನೆಯಲ್ಲಿ, ನೋಡಬೇಕಾದವನು ನಾನೊಬ್ಬನೇ ಇದ್ದೆ.

ಈ ಜಂಟಿ ವ್ಯವಹಾರದಲ್ಲಿ ಒಬ್ಬರ ನಷ್ಟ ಇನ್ನೊಬ್ಬರಿಗೆ ತಟ್ಟದೆ ಇರುವುದಿಲ್ಲ. ಹೃದಯದ ಎಡಭಾಗ ದುರ್ಬಲವಾದರೆ ರಕ್ತವು ಹಿಂದಕ್ಕೊತ್ತಿ ಪುಪ್ಪುಸಗಳಲ್ಲಿ ನೀರು ತುಂಬುತ್ತದೆ. ರೋಗಿಗೆ ಮಲಗಿದರೆ ಉಸಿರು ಕಟ್ಟುತ್ತದೆ, ಎದ್ದು ಕುಳಿತರೆ ಹಗುರವಾಗುತ್ತದೆ. ಬಹುಕಾಲದ ಬೀಡಿ–ಸಿಗರೇಟಿನಿಂದ ಪುಪ್ಪುಸಗಳು ಕೆಟ್ಟರೆ ಹೃದಯದ ಬಲಭಾಗ ದಣಿದು ಕಾಲುಗಳು ಊದಿಕೊಳ್ಳುತ್ತವೆ. ನಗರದ ಹೊಗೆಯ ಅತಿ ಸೂಕ್ಷ್ಮ ಕಣಗಳು ಉಸಿರಿನ ದಾರಿಯಲ್ಲಿ ಒಳಹೊಕ್ಕರೂ ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯವನ್ನು ಹೆಚ್ಚಿಸುತ್ತವೆ. ಆದುದರಿಂದ ಏದುಸಿರೆಂಬುದು ಒಂದು ಅಂಗದ ದೂರಲ್ಲ, ಇಡೀ ಸಂಸ್ಥೆಯ ದೂರು. ಅದರ ಕಾರಣವನ್ನು ಊಹಿಸಿ ಸುಮ್ಮನಿರುವ ಅಧಿಕಾರ ನಮಗಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇ. 57ರಷ್ಟು ಮಂದಿ ರಕ್ತಹೀನರು. ಸಂಘದ ವಾರ್ಷಿಕೋತ್ಸವದಂದು ಸಭಾಂಗಣದಲ್ಲಿ ಕುಳಿತ ನಮ್ಮ ಅಕ್ಕತಂಗಿಯರನ್ನು ಈ ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಒಮ್ಮೆ ನೋಡಿರಿ. ನಾಟಕ, ಸಂಗೀತ, ಸಹಭೋಜನಗಳ ಜೊತೆಗೆ ಆ ದಿನ ರಕ್ತದೊತ್ತಡ ಹಾಗೂ ಹಿಮೋಗ್ಲೋಬಿನ್ ಪರೀಕ್ಷೆಗೆ ಒಂದು ಮೇಜನ್ನು ಸಂಘವು ಹಾಕಿಸಬಾರದೇಕೆ? ಖರ್ಚು ಅಲ್ಪ, ಹೂಮಾಲೆಗಳನ್ನು ಕಡಿಮೆಮಾಡಿದರೂ ಹೊಂದಿಕೆಯಾದೀತು. ಪರೀಕ್ಷೆಯಲ್ಲಿ ಕೊರತೆ ಕಂಡವರು ತಾವೇ ಗುಳಿಗೆ ನುಂಗದೆ ವೈದ್ಯರಿಂದ ಕಾರಣವನ್ನು ತಿಳಿಯಬೇಕು. ಕಬ್ಬಿಣದ ಕೊರತೆ, ಬಿ–12ರ ಕೊರತೆ, ಒಳಗಿನ ರಕ್ತಸ್ರಾವ, ಹೀಗೆ ಕಾರಣಗಳು ಹಲವು. ಊಟವಾದೊಡನೆ ಕಾಫಿ ಕುಡಿಯುವ ನಮ್ಮ ಪ್ರಿಯವಾದ ಅಭ್ಯಾಸವೂ ಕಬ್ಬಿಣದಂಶ ಮೈಗೆ ಹತ್ತದಂತೆ ತಡೆಯುತ್ತದೆ. ಅದನ್ನು ಒಂದೆರಡು ಗಂಟೆ ಮುಂದೂಡುವುದು ಕಷ್ಟವೇನಲ್ಲ.

ಚಿಕಿತ್ಸೆ ನಡೆದು ಆರು ತಿಂಗಳಾದ ಮೇಲೆ ನನ್ನ ಪತ್ನಿ ಅದೇ ಮೇಲ್ಸೇತುವೆಯನ್ನು ನಿಲ್ಲದೆ ಹತ್ತಿದಳು. ಅಂದು ಹಿಂದುಳಿದು ಏದುಸಿರು ಬಿಟ್ಟವನು ನಾನು. ಮರುದಿನ ಪರೀಕ್ಷೆಗೆ ಕರೆದೊಯ್ಯುವ ಸರದಿ ಅವಳದಾಯಿತು.