ಮರಿ ಬಿಡುವವರು ಬಲೆಯ ಕಣ್ಣನ್ನೂ ನೋಡಬೇಕು

ಸಂಶಿ, ಗುಡಗೇರಿ, ಕುಂದಗೋಳ ಕಡೆಯ ಎರಿಭೂಮಿಯ ರೈತರಿಗೆ ಮೀನು ಎಂದರೆ ಮೊದಲೆಲ್ಲ ಊರ ಕೆರೆಯ ಮಾತಾಗಿತ್ತು, ತಮ್ಮ ಹೊಲದ ಮಾತಾಗಿರಲಿಲ್ಲ. 2014ರಲ್ಲಿ ರಾಜ್ಯ ಸರಕಾರ ಕೃಷಿ ಭಾಗ್ಯ ಯೋಜನೆ ಆರಂಭಿಸಿದ ಮೇಲೆ ಒಣಬೇಸಾಯದ ಹೊಲಗಳಲ್ಲಿ ಕೃಷಿಹೊಂಡಗಳು ಎದ್ದವು. ನೀರು ನಿಂತ ಕಡೆ ಮೀನು ಸಾಕುವ ಆಸೆಯೂ ಹುಟ್ಟಿತು. 2020ರಲ್ಲಿ ಕೇಂದ್ರ ಸರಕಾರ 20,050 ಕೋಟಿ ರೂಪಾಯಿಗಳ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯನ್ನು ಜಾರಿಗೆ ತಂದಿತು. ಮರಿ, ಮೇವು, ಹೊಂಡ, ಸಹಾಯಧನ ಇವೆಲ್ಲವುಗಳ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಆದರೆ ಬಿಟ್ಟ ಮೀನನ್ನು ಯಾವ ಸಾಧನದಿಂದ, ಯಾವಾಗ ಹಿಡಿಯಬೇಕು ಎಂಬ ಪ್ರಶ್ನೆ ಮಾತ್ರ ಹಿಂದೆ ಉಳಿದಿದೆ. ಲಾಭ-ನಷ್ಟ ತೀರ್ಮಾನವಾಗುವುದು ಅಲ್ಲಿಯೇ.

ಒಂದು ಸರಳ ಲೆಕ್ಕ

ನಿಮ್ಮ ಹೊಂಡ ನೂರು ಅಡಿ ಉದ್ದ, ನೂರು ಅಡಿ ಅಗಲ ಇದೆ ಎಂದುಕೊಳ್ಳಿ. ಅದು ಒಂಬತ್ತು ಗುಂಟೆಗಿಂತ ತುಸು ಹೆಚ್ಚು. ಎಕರೆಗೆ 2000 ಮರಿಗಳ ರೂಢಿಯ ಲೆಕ್ಕದಲ್ಲಿ ಇದಕ್ಕೆ ಸುಮಾರು 450 ಮರಿಗಳು ಸಾಕು. ಅವುಗಳಲ್ಲಿ ಅರ್ಧ ಉಳಿದರೂ 225 ಮೀನು. ಅವು ತಲಾ 100 ಗ್ರಾಂ ಇದ್ದಾಗ ಬಲೆ ಹಾಕಿದರೆ ಸಿಗುವುದು ಇಪ್ಪತ್ತೆರಡೂವರೆ ಕಿಲೋ. ಅವೇ ಮೀನು ಮುಕ್ಕಾಲು ಕಿಲೋ ತೂಗುವವರೆಗೆ ಕಾದರೆ 168 ಕಿಲೋ ಮೀರುತ್ತದೆ. ಮರಿಯ ಖರ್ಚು ಅಷ್ಟೇ, ನೀರೂ ಅದೇ. ಸಣ್ಣ ಮೀನಿಗೆ ಪೇಟೆಯಲ್ಲಿ ದರವೂ ಕಡಿಮೆ. ಕೆಂಪಾಗಿ ಒಣಗಬೇಕಾದ ಮೆಣಸಿನಕಾಯಿಯನ್ನು ಮಿಡಿಯಿದ್ದಾಗಲೇ ಕಿತ್ತರೆ ಏನಾಗುತ್ತದೆಂದು ಈ ಭಾಗದ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿಯನ್ನೂ ನೆನಪಿನಲ್ಲಿಡಬೇಕು. ಕಾಟ್ಲ, ರೋಹು, ಮೃಗಾಲ್ ಮೀನುಗಳು ಹರಿಯುವ ಹೊಳೆಯಲ್ಲಿ ಮೊಟ್ಟೆ ಇಡುವಂಥವು. ಕೆರೆ, ಹೊಂಡಗಳ ನಿಂತ ನೀರಿನಲ್ಲಿ ಅವು ಸಂತಾನ ಬೆಳೆಸುವುದಿಲ್ಲ. ಆದ್ದರಿಂದ ಸಣ್ಣದಿದ್ದಾಗಲೇ ಹೋದ ಮೀನಿನ ಜಾಗಕ್ಕೆ ಮತ್ತೊಂದು ತಾನಾಗಿ ಬರುವುದಿಲ್ಲ. ಮರಳಿ ದುಡ್ಡು ಕೊಟ್ಟೇ ಮರಿ ತರಬೇಕು.

ಬಲೆಯ ಕಣ್ಣು

ಬಲೆಗಳಲ್ಲಿ ಮುಖ್ಯವಾಗಿ ಮೂರು ಬಗೆ. ದಂಡೆಯಲ್ಲಿ ನಿಂತು ಎಸೆಯುವ ಬೀಸುಬಲೆ ಒಂದು. ನೀರಿನಲ್ಲಿ ಗೋಡೆಯಂತೆ ನಿಲ್ಲಿಸಿ, ಮೀನು ತಾನೇ ಬಂದು ಕಿವಿರಿನಲ್ಲಿ ಸಿಕ್ಕಿಕೊಳ್ಳುವಂತೆ ಮಾಡುವ ಬಲೆ ಎರಡನೆಯದು. ಎರಡೂ ಕಡೆಯಿಂದ ಜನ ಹಿಡಿದು ದಂಡೆಗೆ ಜಗ್ಗುವ ಎಳೆಬಲೆ ಮೂರನೆಯದು. ಮೊದಲಿನ ಎರಡರಲ್ಲಿ ಕಣ್ಣು ದೊಡ್ಡದಿದ್ದರೆ ಸಣ್ಣ ಮೀನು ಪಾರಾಗುತ್ತದೆ. ಸಣ್ಣ ಕಣ್ಣಿನ ಎಳೆಬಲೆಯಲ್ಲಿ ಮಾತ್ರ ಸಣ್ಣದು ದೊಡ್ಡದು ಎನ್ನದೆ ಎಲ್ಲವೂ ಬಂದುಬಿಡುತ್ತವೆ.

ಬಲೆಯ ಕಣ್ಣನ್ನು ಅಳೆಯುವುದು ಕಷ್ಟವಲ್ಲ. ಒಂದು ಕಣ್ಣನ್ನು ಎರಡೂ ಕೈಯಿಂದ ಬಿಗಿಯಾಗಿ ಎಳೆದು ಹಿಡಿದು, ಈ ಗಂಟಿನಿಂದ ಎದುರಿನ ಗಂಟಿನವರೆಗೆ ಪಟ್ಟಿ ಇಟ್ಟು ನೋಡಿ. ನಿಲ್ಲಿಸುವ ಬಲೆಯಲ್ಲಿ ಇದು 10 ಸೆಂಟಿಮೀಟರ್, ಅಂದರೆ ನಾಲ್ಕು ಅಂಗುಲದ ಆಸುಪಾಸು ಇದ್ದರೆ ಕಿಲೋ ತೂಗುವ ಮೀನು ಸಿಕ್ಕು, ಕಾಲು ಕಿಲೋದ ಮೀನು ದಾಟಿ ಹೋಗುತ್ತದೆ. ಸೊಳ್ಳೆಪರದೆಯ ಬಟ್ಟೆಯನ್ನೇ ಬಲೆ ಮಾಡಿ ಜಗ್ಗಿದರೆ ಬರುವ ವರ್ಷದ ಮೀನೂ ಇಂದೇ ಬುಟ್ಟಿಗೆ ಬೀಳುತ್ತದೆ.

ಇದಕ್ಕೆ ಉದಾಹರಣೆ ನಮ್ಮ ರಾಜ್ಯದಲ್ಲಿಯೇ ಇದೆ. ಹೊಸಪೇಟೆಯ ಹತ್ತಿರದ ತುಂಗಭದ್ರಾ ಜಲಾಶಯದಲ್ಲಿ 1953ರಲ್ಲಿ ನೀರು ನಿಂತಿತು. ಅಲ್ಲಿ ಅಲವಿ ಎಂಬ ಉದ್ದನೆಯ ಎಳೆಬಲೆ ಬಳಕೆಗೆ ಬಂತು. ಹಲವರು ಸೇರಿ ದಂಡೆಗೆ ಎಳೆಯುವ ಈ ಬಲೆಯ ಕಣ್ಣು ಬಹಳ ಸಣ್ಣದು. ಬೆಳೆಯಬೇಕಾದ ಗೆಂಡೆ ಜಾತಿಯ ಮರಿಗಳು ಇದರಲ್ಲಿ ಸಾಯುತ್ತವೆಂದು ಮೀನುಗಾರಿಕೆ ವಿಜ್ಞಾನಿಗಳು ದಶಕಗಳ ಹಿಂದೆಯೇ ಎಚ್ಚರಿಸಿದ್ದರು. ಒಂದು ಕಡೆ ಜಲಾಶಯಕ್ಕೆ ಮರಿ ಬಿಡುವುದು, ಇನ್ನೊಂದು ಕಡೆ ಅದೇ ಮರಿಯನ್ನು ಜಗ್ಗಿ ತೆಗೆಯುವುದು ಎಂದಾದರೆ ಹಣವನ್ನು ತೂತಿನ ಚೀಲಕ್ಕೆ ಸುರಿದಂತೆ.

ದೂರದ ಒಂದು ಸರೋವರದ ಪಾಠ

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ರೆಡ್ ಲೇಕ್ ಎಂಬ ದೊಡ್ಡ ಸಿಹಿನೀರಿನ ಸರೋವರವಿದೆ. ಅಲ್ಲಿನ ಬೆಲೆಯುಳ್ಳ ಮೀನು ವಾಲ್‌ಐ. ಸರೋವರದ ಹೆಚ್ಚಿನ ಭಾಗ ಓಜಿಬ್ವೆ ಎಂಬ ಮೂಲನಿವಾಸಿ ಜನರದು. ದಶಕಗಳ ಕಾಲ ಅವರು ನಿಲ್ಲಿಸುವ ಬಲೆಯಿಂದ ಈ ಮೀನನ್ನು ಹಿಡಿದು ಮಾರಿದರು. ಉಳಿದ ಭಾಗದಲ್ಲಿ ಗಾಳದವರೂ ಮಿತಿಯಿಲ್ಲದೆ ಹಿಡಿದರು. 1990ರ ದಶಕದ ನಡುವಿನ ಹೊತ್ತಿಗೆ ಮೀನು ಹೆಚ್ಚುಕಡಿಮೆ ಬರಿದಾಯಿತು. ಮೊದಲು ಬಲೆ ನಿಲ್ಲಿಸಿದವರು ಆ ಮೂಲನಿವಾಸಿಗಳೇ. 1999ರಲ್ಲಿ ಅವರೂ ರಾಜ್ಯ ಸರಕಾರವೂ ಒಪ್ಪಂದ ಮಾಡಿಕೊಂಡು ವಾಲ್‌ಐ ಹಿಡಿಯುವುದನ್ನೇ ನಿಲ್ಲಿಸಿ, ಮರಿ ಬಿಟ್ಟು ಕಾದರು. 2006ರಲ್ಲಿ ಮರಳಿ ಮೀನು ಹಿಡಿಯಲು ಅವಕಾಶವಾದಾಗ ಅವರು ಕೈಗೆತ್ತಿಕೊಂಡದ್ದು ಬಲೆಯನ್ನಲ್ಲ, ಗಾಳವನ್ನು.

ಆ ದೇಶದಲ್ಲಿ ವಾಲ್‌ಐ, ಬಾಸ್ ಎಂಬ ಮೀನುಗಳನ್ನು ಗಾಳದಿಂದ ಹಿಡಿಯುವುದು ಲಕ್ಷಾಂತರ ಜನರ ಹವ್ಯಾಸ. ಸುರುಳಿ ಕಟ್ಟಿದ ಕೋಲು, ಕಪ್ಪೆಯ ಆಕಾರದ ಹುಸಿ ಆಹಾರ ಮುಂತಾದ ಅವರ ಸಾಮಾನು ನಮಗೆ ಬೇಕಾಗಿಲ್ಲ. ಬೇಕಾದದ್ದು ಅವರ ಶಿಸ್ತು. ಅಲ್ಲಿ ಎಷ್ಟು ಮೀನು ಒಯ್ಯಬಹುದು, ಯಾವ ಅಳತೆಯದನ್ನು ನೀರಿಗೇ ಮರಳಿಸಬೇಕು ಎಂಬುದಕ್ಕೆ ಕಟ್ಟುನಿಟ್ಟಿನ ನಿಯಮಗಳಿವೆ.

ನಮ್ಮ ನೀರಿಗೆ ತಕ್ಕ ಮಾರ್ಗ

ಹಾಗೆಂದು ದೊಡ್ಡ ಸರೋವರದ ನಿಯಮವನ್ನು ನಮ್ಮ ಕೆರೆಗೆ ಕಣ್ಣು ಮುಚ್ಚಿ ತರಲಾಗದು. ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ನಮ್ಮ ಕೆರೆ, ಹೊಂಡಗಳ ತಳ ಕಾಣುತ್ತದೆ. ನೀರೇ ಬತ್ತುವಾಗ ಸಣ್ಣ ಮೀನನ್ನು ಉಳಿಸಿ ಯಾರಿಗೆ ಪ್ರಯೋಜನ? ಆದ್ದರಿಂದ ಎರಡು ದಾರಿಗಳನ್ನು ಬೇರೆ ಬೇರೆ ನೋಡಬೇಕು.

ವರ್ಷವಿಡೀ ನೀರು ನಿಲ್ಲುವಲ್ಲಿ ದೊಡ್ಡ ಕಣ್ಣಿನ ಬಲೆಯನ್ನೇ ಬಳಸಿರಿ. ಬೆಳೆದ ಮೀನನ್ನು ಆಗಾಗ ತೆಗೆದರೆ ಉಳಿದವಕ್ಕೆ ಮೇವೂ ಜಾಗವೂ ಸಿಕ್ಕಿ ಅವು ಬೇಗ ಬೆಳೆಯುತ್ತವೆ. ಬೇಸಿಗೆಗೆ ಬತ್ತುವಲ್ಲಿ ತೀರ ಎಳೆಯ ಮರಿ ಬಿಡಬೇಡಿ. ಬೆರಳುದ್ದ ಬೆಳೆದ ಮರಿಯನ್ನು ಮಳೆನೀರು ಬಂದ ಕೂಡಲೇ ಬಿಡಿ, ಸಂಖ್ಯೆಯನ್ನೂ ಕಡಿಮೆ ಮಾಡಿ. ನೀರು ಮೊಣಕಾಲಿಗೆ ಇಳಿಯುವ ಮೊದಲೇ ಪೂರ್ತಿ ಹಿಡಿದು ಮಾರಿರಿ. ಆಗ ಮಾತ್ರ ಎಳೆಬಲೆ ಸರಿಯಾದ ಸಾಧನ.

ಮನೆಯ ಸಾರಿಗೆ ಎರಡು ಮೀನು ಬೇಕಾದಾಗ ಹೊಂಡಕ್ಕೆ ಬಲೆ ಜಗ್ಗಿ ಕೆಸರೆಬ್ಬಿಸಬೇಡಿ. ಅದಕ್ಕೆ ಗಾಳವೇ ಸಾಕು. ಕಾಟ್ಲ ನೀರಿನ ಮೇಲ್ಭಾಗದಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುತ್ತವೆ. ದಾರಕ್ಕೆ ಕಟ್ಟಿದ ಬೆಂಡನ್ನು ಮೇಲೆ ಕೆಳಗೆ ಸರಿಸಿ, ಬೇಕಾದ ಆಳಕ್ಕೆ ಗಾಳ ಇಳಿಬಿಡಿ. ಜೋಳದ ಹಿಟ್ಟಿಗೆ ಶೇಂಗಾ ಹಿಂಡಿ ಕಲಸಿದ ಗಟ್ಟಿ ಉಂಡೆ ಈ ಮೀನುಗಳಿಗೆ ಒಗ್ಗುತ್ತದೆ. ಸಣ್ಣ ಮೀನು ಸಿಕ್ಕರೆ ಕೈ ಒದ್ದೆ ಮಾಡಿಕೊಂಡು ಹಿಡಿದು, ಗಾಳ ಬಿಡಿಸಿ ಮೆಲ್ಲಗೆ ನೀರಿಗೆ ಬಿಡಿ. ಒಣಗಿದ ಕೈ ತಾಗಿದರೆ ಮೈಮೇಲಿನ ಲೋಳೆ ಕಿತ್ತು ಮೀನು ರೋಗಕ್ಕೆ ತುತ್ತಾಗುತ್ತದೆ.

ಹಾವಿನಂಥ ತಲೆಯ ಕೊರವ ಮೀನಿನ ಮಾತು ಬೇರೆ. ಅದು ನಿಂತ ನೀರಿನಲ್ಲಿಯೇ ಮರಿ ಮಾಡುತ್ತದೆ. ಮಳೆಗಾಲದಲ್ಲಿ ಮರಿಗಳ ಹಿಂಡು ನೀರಿನ ಮೇಲೆ ಆಡುತ್ತಿದ್ದರೆ ಕೆಳಗೆ ತಾಯಿ-ತಂದೆ ಕಾವಲಿರುತ್ತವೆ. ಕಪ್ಪೆ ಚುಚ್ಚಿದ ಗಾಳಕ್ಕೆ ಅವು ಆಗ ಸುಲಭವಾಗಿ ಬೀಳುತ್ತವೆ. ಆದರೆ ಆ ಒಂದು ಮೀನು ಹಿಡಿದರೆ ಇಡೀ ಹಿಂಡು ಬೇರೆ ಮೀನುಗಳ ಪಾಲಾಗುತ್ತದೆ. ಊರ ಕೆರೆಯಲ್ಲಿ ಆ ದಿನಗಳಲ್ಲಿ ಅದನ್ನು ಬಿಟ್ಟುಬಿಡುವುದೇ ಲೇಸು. ಹೊಂಡದಲ್ಲಿ ಮಾತ್ರ ಕೊರವ ನಿಮ್ಮ ಗೆಂಡೆ ಮರಿಗಳನ್ನು ತಿನ್ನುವುದರಿಂದ ಮರಿ ಬಿಡುವ ಮೊದಲೇ ಅದನ್ನು ತೆಗೆದುಹಾಕಬೇಕು.

ತಪ್ಪು ಯಾರದು?

ಸಣ್ಣ ಮೀನು ಹಿಡಿದರೆಂದು ಬಲೆ ನಂಬಿ ಬದುಕುವ ಅಂಬಿಗರನ್ನು ದೂರುವುದು ಸುಲಭ. ಆದರೆ ಕೆರೆಯ ಗುತ್ತಿಗೆ ಕಡಿಮೆ ಅವಧಿಯದ್ದಾದರೆ, ಮುಂದಿನ ಸಲ ಅದು ಬೇರೆಯವರ ಪಾಲಾಗುವುದಾದರೆ, ಮೀನು ಬೆಳೆಯಲಿ ಎಂದು ಯಾರು ತಾನೇ ಕಾದಾರು? ಲಾವಣಿಗೆ ಪಡೆದ ಹೊಲಕ್ಕೆ ಕೊನೆಯ ವರ್ಷ ಯಾರೂ ಗೊಬ್ಬರ ಹಾಕುವುದಿಲ್ಲ. ಇದೂ ಹಾಗೆಯೇ. ಹಿಡಿಯುವವನಿಗೆ ನಾಳೆಯ ಭರವಸೆ ಇದ್ದರೆ ಬಲೆಯ ಕಣ್ಣು ತಾನಾಗಿಯೇ ದೊಡ್ಡದಾಗುತ್ತದೆ.

ಆದ್ದರಿಂದ ನಿಮ್ಮ ಪಂಚಾಯತಿಯ ಕೈಯಲ್ಲಿರುವ ಕೆರೆಯ ಮಾತು ಗ್ರಾಮಸಭೆಗೆ ಬಂದಾಗ ಎಷ್ಟು ಹಣಕ್ಕೆ ಹೋಯಿತು ಎಂಬುದೊಂದನ್ನೇ ಕೇಳಬೇಡಿ. ಎಷ್ಟು ವರ್ಷಕ್ಕೆ, ಎಷ್ಟು ಅಂಗುಲದ ಕಣ್ಣಿನ ಬಲೆಗೆ, ಯಾವ ತಿಂಗಳಿಂದ ಹಿಡಿಯುವ ಕರಾರು ಎಂಬುದನ್ನೂ ಕೇಳಿ ಬರೆಸಿರಿ. ವಿಷ ಹಾಕುವುದು, ಸಿಡಿಮದ್ದು ಹಾರಿಸುವುದು ಅಪರಾಧವೆಂದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯಷ್ಟು ಹಿಂದೆಯೇ ಬರೆದಿಟ್ಟಿದೆ. ನಮ್ಮ ರಾಜ್ಯವೂ 1996ರಲ್ಲಿ ಒಳನಾಡು ಮೀನುಗಾರಿಕೆಗೆ ತನ್ನದೇ ಕಾಯ್ದೆ ಮಾಡಿಕೊಂಡಿದೆ. ಜನ ಕುಡಿಯುವ ಕೆರೆಯಲ್ಲಂತೂ ವಿಷದ ಮಾತೇ ಸಲ್ಲದು. ಕಾಯ್ದೆ ಇದ್ದರೂ ದಂಡೆಯ ಮೇಲೆ ನಿಂತು ಬಲೆ ನೋಡುವವರು ಊರವರೇ.

ಮರಿ ತರುವ ದಿನ ಪಟ್ಟಿ ಹಿಡಿದು ಬಲೆಯ ಕಣ್ಣನ್ನೂ ಒಮ್ಮೆ ಅಳೆದು ನೋಡಿ. ಕಾಸು ಖರ್ಚಿಲ್ಲದ ಈ ಕೆಲಸದಿಂದ ಉಳಿಯುವುದು ನಿಮ್ಮದೇ ಬೆಳೆ.