ತೇಪೆ ಹಾಕಿದ ಅಂಗಿಗೆ ಯಾವ ಪಾಠ?

ಜೂನ್ 5 ಬಂತೆಂದರೆ ನಮ್ಮ ಶಾಲೆಗಳಲ್ಲಿ ಒಂದು ಪ್ರಹಸನ ನಡೆಯುತ್ತದೆ. ಅಂಗಳದಲ್ಲಿ ಹೊಂಗೆ ಸಸಿ, ಅದರ ಹಿಂದೆ ಫ್ಲೆಕ್ಸ್, ವೇದಿಕೆಯ ಗಣ್ಯರಿಗೆಲ್ಲ ತಲಾ ಒಂದು ಶಾಲು. ಆ ಶಾಲು ಹೊದ್ದರೆ ಚಳಿ ಹೋಗದು, ಒರೆಸಿದರೆ ನೀರು ಹೀರದು. ಪೆಟ್ರೋಲಿಯಂ ಮೂಲದ ಪಾಲಿಯೆಸ್ಟರ್ ಅದು. ಅದನ್ನು ಹೆಗಲ ಮೇಲೆ ಹಾಕಿಕೊಂಡೇ ಹವಾಮಾನ ಬದಲಾವಣೆಯ ಬಗ್ಗೆ ಭಾಷಣ! ಕಡೂರು, ತರೀಕೆರೆ, ಅಜ್ಜಂಪುರ - ಈ ವಿಷಯದಲ್ಲಿ ಮೂರು ತಾಲೂಕುಗಳಿಗೂ ಭೇದವಿಲ್ಲ.

ಈಗ ಉಡುಪನ್ನೂ ಪರಿಸರ ಪಾಠಕ್ಕೆ ಸೇರಿಸಬೇಕೆಂಬ ಮಾತು ಕೇಳಿಬರುತ್ತಿದೆ. ಸೇರಿಸಲಿ. ಒಂದು ಹತ್ತಿ ಟೀ ಶರ್ಟಿಗೆ ಸುಮಾರು 2,700 ಲೀಟರ್ ನೀರು ಖರ್ಚಾಗುತ್ತದೆಂಬ ಲೆಕ್ಕ, ಟ್ಯಾಂಕರ್ ನೀರಿಗೆ ಬಿಂದಿಗೆ ಸಾಲು ನಿಲ್ಲಿಸಿದ ಕಡೂರು ಸೀಮೆಯ ಮಕ್ಕಳಿಗೆ ಬೇಗ ಅರ್ಥವಾದೀತು. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದದ್ದನ್ನು ಅವರು ಪತ್ರಿಕೆ ಓದಿ ತಿಳಿಯಬೇಕಾಗಿರಲಿಲ್ಲ. ನನ್ನ ತಕರಾರಿರುವುದು ಪಾಠ ಹೇಳುವ ಧಾಟಿಯ ಬಗ್ಗೆ. "ಕಡಿಮೆ ಬಟ್ಟೆ ಕೊಳ್ಳಿ, ಇದ್ದುದನ್ನು ಮತ್ತೆ ಬಳಸಿ" ಎಂದು ಯಾರಿಗೆ ಹೇಳುತ್ತಿದ್ದೇವೆ? ಅಣ್ಣನ ಚಡ್ಡಿ ತಮ್ಮನಿಗೆ, ತಮ್ಮನ ನಂತರ ಅದು ಅಡುಗೆಮನೆಯ ಮಸಿಬಟ್ಟೆ, ಅಜ್ಜಿಯ ಸೀರೆ ಕೌದಿ - ಇಂಥ ಮನೆಯ ಮಗುವಿಗೇ? ಆ ಮಗು ಈ ಪಾಠದಲ್ಲಿ ಮೇಷ್ಟರಿಗಿಂತ ಮುಂದಿದೆ. ಆದರೆ ತರಗತಿಯಲ್ಲಿ ಅದಕ್ಕೆ ಸಿಗುವುದು ಅವಮಾನ. ಅಂಗಿಯ ತೇಪೆಯನ್ನು ಪುಸ್ತಕದಿಂದ ಮುಚ್ಚಿಕೊಂಡು ಕೂರುವ ಹುಡುಗನನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಖಾಸಗಿ ಶಾಲೆಗಳದ್ದು ಇನ್ನೊಂದು ಕತೆ. ವಾರಕ್ಕೆ ಎರಡು ಬಗೆಯ ಸಮವಸ್ತ್ರ, ಕ್ರೀಡಾಕೂಟಕ್ಕೆ ಬೇರೆ ಟೀ ಶರ್ಟು, ಏಪ್ರಿಲ್ ಬಿಸಿಲಲ್ಲೂ ಟೈ, ಸಾಕ್ಸು. ಎಲ್ಲವನ್ನೂ ಅವರು ತೋರಿಸಿದ ಅಂಗಡಿಯಲ್ಲೇ ಕೊಳ್ಳಬೇಕು. ನಾನು ಬಲ್ಲ ಒಂದು ಶಾಲೆ ಎರಡೇ ವರ್ಷಕ್ಕೆ ಬಣ್ಣ ಬದಲಿಸಿತು. ಅಕ್ಕನ ಲಂಗ ತಂಗಿಗೆ ಬಾರದಂತಾಯಿತು. ಇಂಥವರೇ ಪರಿಸರ ಪ್ರಬಂಧ ಸ್ಪರ್ಧೆ ಏರ್ಪಡಿಸಿ ಬಹುಮಾನವನ್ನೂ ಕೊಡುತ್ತಾರೆ.

ಸರ್ಕಾರಿ ಶಾಲೆಗಳಿಗೆ ವಿದ್ಯಾ ವಿಕಾಸ ಯೋಜನೆಯ ಬಟ್ಟೆ ಬರುತ್ತದೆ, ಹೊಲಿಗೆಯ ಖರ್ಚು ಪೋಷಕರದ್ದು. ಎರಡನೇ ಜೊತೆ ಸಮವಸ್ತ್ರ ಕೊಡದ್ದಕ್ಕೆ 2023ರ ಆರಂಭದಲ್ಲಿ ಹೈಕೋರ್ಟ್ ಸರ್ಕಾರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು. ಅದಕ್ಕೆ ಒಂದು ವರ್ಷ ಮೊದಲು, 2022ರ ಫೆಬ್ರುವರಿ 5ರಂದು, ಸಮವಸ್ತ್ರದ ಹೆಸರಿನಲ್ಲೇ ಆದೇಶ ಹೊರಡಿಸಲು ಅದೇ ಸರ್ಕಾರಕ್ಕೆ ಪುರುಸೊತ್ತಿತ್ತು. ಹೆಣ್ಣುಮಗಳ ತಲೆಯ ಮೇಲಿನ ತುಂಡು ಬಟ್ಟೆಯ ವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನಮ್ಮದೇ ಜಿಲ್ಲೆಯ ಕೊಪ್ಪದಲ್ಲೂ ಕೇಸರಿ ಶಾಲುಗಳು ಕಾಲೇಜಿಗೆ ಬಂದವು. ಅಷ್ಟೆಲ್ಲ ಗಲಾಟೆಯಲ್ಲಿ ಬಟ್ಟೆ ಯಾವ ನೂಲಿನದು, ಬೆವರು ಹೀರುತ್ತದೆಯೇ, ಎಷ್ಟು ಒಗೆತಕ್ಕೆ ಬಾಳುತ್ತದೆ, ಹೊಲಿದ ಗಾರ್ಮೆಂಟ್ಸ್ ಹೆಂಗಸಿನ ಸಂಬಳವೆಷ್ಟು ಎಂದು ಯಾರಾದರೂ ಕೇಳಿದರೇ?

ಬರಿ ಅವರನ್ನು ಬೈದರೆ ನ್ಯಾಯವಲ್ಲ. ರಮಝಾನಿನ ಕೊನೆಯ ಹತ್ತು ದಿನಗಳಲ್ಲಿ ನಮ್ಮವರು ಎಲ್ಲಿರುತ್ತಾರೆ? ಮಸೀದಿಗಿಂತ ಬಟ್ಟೆ ಅಂಗಡಿಯಲ್ಲಿ ನೂಕುನುಗ್ಗಲು. ಪ್ರವಾದಿಯವರು(ಸ) ತಮ್ಮ ಬಟ್ಟೆಗೆ ತಾವೇ ತೇಪೆ ಹಾಕಿಕೊಳ್ಳುತ್ತಿದ್ದರೆಂದು ಖುತ್ಬಾದಲ್ಲಿ ಕೇಳುತ್ತೇವೆ. ಮನೆಗೆ ಬಂದು ಮಗನಿಗೆ ಮೂರನೇ ಜೊತೆ ಕೊಡಿಸುತ್ತೇವೆ. ಮದುವೆಗಳ ಮಾತಂತೂ ಬೇಡ.

ಹಾಗಾದರೆ ಮೇಷ್ಟರು ಏನು ಮಾಡಬೇಕು? ಮೊದಲು ಪ್ರಬಂಧ ಸ್ಪರ್ಧೆ ಬಿಡಲಿ. ಮಕ್ಕಳು ತಂತಮ್ಮ ಅಂಗಿಯ ಕಾಲರಿನ ಚೀಟಿ ಓದಲಿ. ಹತ್ತಿ ಎಷ್ಟು, ಪಾಲಿಯೆಸ್ಟರ್ ಎಷ್ಟು ಎಂದು ಗಣಿತದ ಪಿರಿಯಡ್‌ನಲ್ಲೇ ಲೆಕ್ಕ ಹಾಕಲಿ. ಈ ಬಯಲುಸೀಮೆಯ ಕುರಿಗಾಹಿಯ ಕಂಬಳಿಯನ್ನೂ ಸನ್ಮಾನದ ಶಾಲನ್ನೂ ಪಕ್ಕಪಕ್ಕದಲ್ಲಿಟ್ಟು ಒಂದು ಚೊಂಬು ನೀರು ಸುರಿದು ನೋಡಲಿ. ಗುಂಡಿ ಹೊಲಿಯುವುದನ್ನು ಹುಡುಗರಿಗೂ ಕಲಿಸಲಿ. ಶಾಲೆ ಬಿಟ್ಟುಹೋಗುವ ಏಳನೇ ತರಗತಿಯವರ ಸಮವಸ್ತ್ರಗಳನ್ನು ಒಗೆಸಿ, ಹೆಸರು ಹೇಳದೆ, ಬೇಕಾದವರಿಗೆ ಕೊಡುವ ಒಂದು ಕಪಾಟು ಇಡಲಿ. 'ದಾನ' ಎಂಬ ಬೋರ್ಡು ಮಾತ್ರ ಅದರ ಮೇಲೆ ಬೇಡ.

ತರೀಕೆರೆಯಲ್ಲಾಗಲಿ ಅಜ್ಜಂಪುರದಲ್ಲಾಗಲಿ, ಶಾಲೆಯಿಂದ ಸ್ವಲ್ಪ ನಡೆದರೆ ಒಬ್ಬ ದರ್ಜಿ ಸಿಗುತ್ತಾರೆ. ರೆಡಿಮೇಡ್ ಬಂದ ಮೇಲೆ ಅವರಿಗೆ ಉಳಿದಿರುವುದು ಜಿಪ್ ಹಾಕುವುದು, ಪ್ಯಾಂಟಿನ ಉದ್ದ ಕತ್ತರಿಸುವುದು. ಬರುವ ಜೂನ್ 5ಕ್ಕೆ ಅವರನ್ನು ಮಿಷನ್ ಸಮೇತ ಕರೆಸಿ. ಶಾಲು ತರಬೇಡಿ. ದಿನದ ಕೂಲಿ ಕೊಡಿ, ಹರಿದ ಅಂಗಿ ಇರುವ ಮಕ್ಕಳೆಲ್ಲ ಸುತ್ತ ಕುಳಿತು ನೋಡಲಿ.